ಹದಿನೆಂಟು ಗಂಟೆಯ ಉತ್ತರ

ಮಡ್ಜೀ
೧೪ ಮಾರ್ಚ್ ೨೦೧೦

ಪ್ರೀತಿಯ ಅಪ್ಪ,

ಹೇಗಿದ್ದೀಯ? ಮೂರು ತಿಂಗಳಿಂದ ಬರೆದಿಲ್ಲವೆಂದು ಮುನಿಸಿಕೊಳ್ಳಬೇಡ. ಅಷ್ಟೂ ದಿನ ನಿನ್ನ ಕೈಬರಹವನ್ನೇ ಓದುತ್ತಿದ್ದೆ. ವೀಕ್ಷಣಾಲಯದ ಹಳೆಯ ದಾಖಲೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. "ಸಾಹಿತ್ಯ ಓದಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ತು ನೋಡು" ಎಂದು ಸಂಶೋಧಕ ಡೆಕ್ಲನ್ ಗೇಲಿ ಮಾಡುತ್ತಿರುತ್ತಾನೆ.

ಅಪ್ಪ, ನೀನು ಗೆದ್ದೆ.

ಆ ಗೆಲಾಕ್ಸಿಯನ್ನು ನೀನು ಮರೆತಿರಲಾರೆ. ನಡುವಿನ ಕಪ್ಪುಕುಳಿಯ ಬಳಿ ಬೆಳಕು ಹೆಚ್ಚಾದರೆ, ಸುತ್ತಲಿನ ಅನಿಲ ಸ್ವಲ್ಪ ತಡವಾಗಿ ಹೊಳೆಯಬೇಕು. ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಆ ತಡವೇ ಹೇಳುತ್ತದೆ. ನಡುವಿನ ಬೆಳಕನ್ನು ದಕ್ಷಿಣ ಆಫ್ರಿಕಾದವರು ಅಳೆದರು, ಅನಿಲದ್ದನ್ನು ನೀನು. ಎರಡನ್ನೂ ಜೋಡಿಸಿದರೆ ಅನಿಲ ಆರು ಗಂಟೆ ಮೊದಲೇ ಹೊಳೆದಿತ್ತು. ಕೇಳುವ ಮುಂಚೆಯೇ ಉತ್ತರ! ತಪ್ಪು ನಿನ್ನ ತಲೆಗೆ ಬಂತು. ನೀನು ವೀಕ್ಷಣಾಲಯದ ಬೆಟ್ಟ ಇಳಿದು ಡಬ್ಬೋ ಊರಿನಲ್ಲಿ ಬಸ್ಸು ಓಡಿಸತೊಡಗಿದೆ.

ಸೋಮವಾರದ ಸಭೆಯಲ್ಲಿ ನಾನು ಕೈ ಎತ್ತಿದೆ. ಹೌದು, ನಾನೇ!

"ಅಪ್ಪನ ಪುಸ್ತಕದಲ್ಲಿ ಆಗಸ್ಟ್ ಒಂಬತ್ತು ಅಂತಿರೋ ರಾತ್ರಿನ ನೀವು ಲೆಕ್ಕಕ್ಕೆ ಎಂಟು ಅಂತ ಸೇರಿಸಿದ್ದೀರಿ."

"ರಾತ್ರಿ ಮುಗಿಯೋ ಬೆಳಗಿನ ತಾರೀಖು ಬರೆಯೋದು ವಾಡಿಕೆ ಕಣಮ್ಮ. ಅದಕ್ಕೇ ಆಗ ಲೆಕ್ಕದಲ್ಲಿ ನಾನೇ ಒಂದು ದಿನ ಕಳೆದೆ" ಎಂದರು ತಂಡದ ಹಿರಿಯರಾದ ಥೆಲ್ಮಾ.

"ಅಪ್ಪ ಬರೀತಿದ್ದಿದ್ದು ಸಂಜೆ ತಾರೀಖು."

"ಸಾಕ್ಷಿ ಎಲ್ಲಿ, ಕವಯಿತ್ರಿ?" ಡೆಕ್ಲನ್ ಕೆಣಕಿದ.

ಪುಟ ತೆರೆದೆ. '೯ ಆಗಸ್ಟ್ ೧೯೮೭. ಇವತ್ತು ಮಧ್ಯಾಹ್ನ ಮಗಳು ಹುಟ್ಟಿದಳು. ಮೋಡವಿಲ್ಲ.' ಪಕ್ಕದಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸ್ ಇಟ್ಟೆ.

"ನಾನು ಹುಟ್ಟೋ ಹಿಂದಿನ ದಿನವೇ ಅಪ್ಪ ಇದನ್ನ ಬರೆದ್ರಾ?"

"ಅಯ್ಯೋ, ಸಾಕ್ಷಿನೇ ಎದ್ದು ನಿಂತು ಮಾತಾಡ್ತಿದೆಯಲ್ಲ!" ಡೆಕ್ಲನ್ ಮೇಜು ಬಡಿದ.

ಥೆಲ್ಮಾ ಇಡೀ ಪುಸ್ತಕಕ್ಕೆ ಒಂದು ದಿನ ಕೂಡಿಸಿ ಲೆಕ್ಕ ಓಡಿಸಿದರು. ಹದಿನೆಂಟು ಗಂಟೆ ತಡ! ಬೆಳಕು ಹದಿನೆಂಟು ಗಂಟೆ ನಡೆಯುವಷ್ಟು ದೂರದಲ್ಲಿ ಅನಿಲ ಸುತ್ತುತ್ತಿದೆ, ಅಪ್ಪ, ನೀನು ಅಳೆದಂತೆಯೇ. "ಇಪ್ಪತ್ತೆರಡು ವರ್ಷ ಆ ಮನುಷ್ಯನ್ನ ಬೈದೆನಲ್ಲೇ" ಎನ್ನುತ್ತಾ ಥೆಲ್ಮಾ ಲ್ಯಾಮಿಂಗ್ಟನ್ ಕೇಕಿನ ತಟ್ಟೆಯನ್ನೇ ನನ್ನ ಕಡೆ ತಳ್ಳಿದರು. ಪ್ರಬಂಧದಲ್ಲಿ ಮೊದಲ ಹೆಸರು ನಿನ್ನದಂತೆ. ಅವರೇ ಬಂದು ನಿನ್ನ ಕ್ಷಮೆ ಕೇಳುತ್ತಾರಂತೆ.

ನಿನ್ನ ಬೆನ್ನುನೋವು ಬೇಗ ಇಳಿಯಲಿ. ಇನ್ನು ತಲೆ ಎತ್ತಿ ಓಡಾಡು.

ನಿನ್ನ
ಬ್ರಿಯೊನಿ

ತಾ.ಕ.: ಮರುದಿನದ ಪುಟದಲ್ಲೂ ನಿನ್ನ ಕೈಬರಹವಿದೆ, ಅದರ ಮರುದಿನವೂ. ಹತ್ತು ರಾತ್ರಿಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ಅವಿಲ್ಲದಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ ಎಂದು ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ. ನೀನು ನನ್ನನ್ನು ಮೊದಲು ನೋಡಿದ್ದು ಹನ್ನೊಂದನೇ ದಿನ ಎಂದು ಅಮ್ಮ ಹೇಳುತ್ತಿದ್ದಳು. ಆಸ್ಪತ್ರೆ ಬೆಟ್ಟದಿಂದ ಅರ್ಧ ಗಂಟೆಯ ದಾರಿ. ಹಗಲು ಹೊತ್ತು ದೂರದರ್ಶಕ ಮುಚ್ಚಿರುತ್ತಿತ್ತಲ್ಲ, ಅಪ್ಪ?