ಚಮಚ ಎಸೆದವರಿಗೆ

ಕಲ್ಲಿನ ಮನೆ, ಗುಂಡಿನಕೊಪ್ಪ
ಇಸವಿ ಎರಡು ಸಾವಿರದ ನಾಲ್ಕುನೂರ ಹನ್ನೊಂದು, ಹದಿಮೂರನೆಯ ತಿಂಗಳ ನಲವತ್ತನಾಲ್ಕನೆಯ ದಿನ

ಡಬ್ಬಿಯೊಂದನ್ನು ಖಾಲಿ ಮಾಡಿ ಎಸೆದ ಹಿರಿಯರಿಗೆ ಫಕೀರವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಹನ್ನೆರಡು ತಿಂಗಳುಗಳಲ್ಲಿ ನಮ್ಮ ಬೇಸಿಗೆ ಮುಗಿಯುವುದಿಲ್ಲವಾದ್ದರಿಂದ ನಲವತ್ತೈದು ದಿನಗಳ ಬಿಸಿಲುಮಾಸವನ್ನು ಸೇರಿಸಿಕೊಂಡಿದ್ದೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ಅರವತ್ತು ದಾಟುವ ಹೊತ್ತಿಗೆ, ಮೆಹಬೂಬಿ ಎಂಬ ಮುದುಕಿಯ ಕೈಕೆಳಗೆ. ಕಾಗದ ಹಿಂದಿನ ಕಾಲಕ್ಕೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಯಾರನ್ನಾದರೂ ಬೈಯಬೇಕು, ಇಲ್ಲಿನವರನ್ನು ಬೈಯಲು ಹೊರಟರೆ ಮೊದಲು ನನ್ನ ಹೆಸರೇ ಬರುತ್ತದೆ.

ನಮ್ಮಲ್ಲಿ ಮಾಂಸವಿಲ್ಲ. ಅದು ವ್ರತವಲ್ಲ, ಪುಣ್ಯವೂ ಅಲ್ಲ. ನನ್ನ ಮುತ್ತಜ್ಜಿಯ ಕಾಲದಲ್ಲಿ ಬಂದ ಒಂದು ಜ್ವರಕ್ಕೆ ದನ, ಕುರಿ, ಕೋಳಿ, ಕೆರೆಯ ಮೀನು ಎಲ್ಲವೂ ಹೋದವು. ಹಾಲು, ಮೊಟ್ಟೆ ಎಂಬವು ಮಕ್ಕಳ ಕಥೆಯಲ್ಲಿ ಮಾತ್ರ ಉಳಿದಿವೆ. ನಾವು ಹುರುಳಿ, ಮಡಕೆಕಾಳು, ಅಲಸಂದೆ ಬೆಳೆಯುತ್ತೇವೆ. ನೆನೆಸಿ, ಮೊಳಕೆ ಬರಿಸಿ, ಬೇಯಿಸುತ್ತೇವೆ. ಅವರೆಯನ್ನು ರುಬ್ಬಿ, ಹಿಂಡಿ, ಹುಣಸೆ ಹುಳಿ ಹಾಕಿ ಹೆಪ್ಪುಗಟ್ಟಿಸಿದ್ದಕ್ಕೆ ಕೆನೆಬೇಳೆ ಎನ್ನುತ್ತೇವೆ. ತೊಟ್ಟಿಯ ಪಾಚಿಯನ್ನು ಒಣಗಿಸಿ ಜೋಳದ ಹಿಟ್ಟಿಗೆ ಬೆರೆಸಿದರೆ ಹಸಿರುರೊಟ್ಟಿ. ಅದರ ರುಚಿಯನ್ನು ಕೇಳಬೇಡಿ. ಬೆಳಗಾಗೆದ್ದು ಊರಿಗೆ ಊರೇ ಗರಡಿಯಂಗಳದಲ್ಲಿ ಬಸ್ಕಿ ಹೊಡೆಯುತ್ತದೆ. ಏಕೆಂದರೆ ಎತ್ತುಗಳಿಲ್ಲದ ಊರಿನಲ್ಲಿ ನೇಗಿಲು ಎಳೆಯುವುದು ನಮ್ಮ ತೊಡೆಗಳು, ನೀರು ಸೇದುವುದು ನಮ್ಮ ತೋಳುಗಳು. ಮೈಯಲ್ಲಿ ಮಾಂಸ ಉಳಿಯದವರಿಗೆ ಇಲ್ಲಿ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಕಾಳೂ ಇಲ್ಲ.

ಐವತ್ತು ತುಂಬಿದ ಪ್ರತಿಯೊಬ್ಬರೂ ಬಿಸಿಲುಮಾಸದ ಕೊನೆಯ ದಿನ ಕಲ್ಲಿನ ಮನೆಯ ಮುಂದೆ ಗುಂಡುಕಲ್ಲನ್ನು ಸೊಂಟದವರೆಗೆ ಎತ್ತಬೇಕು. ಇದು ಕಲ್ಲುಹಬ್ಬ. ಎತ್ತಿದವರಿಗೆ ಮುಂದಿನ ಹಬ್ಬದವರೆಗೆ ಎಲ್ಲರಂತೆ ದಿನಕ್ಕೊಂದು ಚಮಚ ಕಾಳು. ಎತ್ತದವರಿಗೆ ಕಾಳು ಬೇಯಿಸಿ ಬಸಿದ ಕಟ್ಟು ಮಾತ್ರ. ಅಂಥವರನ್ನು ಕಟ್ಟಿನವರು ಎನ್ನುತ್ತೇವೆ. ಕಟ್ಟು ಕುಡಿದು ಮರುವರ್ಷ ಕಲ್ಲೆತ್ತಿದವರನ್ನು ನಾನು ಕಂಡಿಲ್ಲ, ಮರುವರ್ಷದವರೆಗೆ ಉಳಿದವರೇ ಕಡಿಮೆ. ಅವರ ಪಾಲಿನ ಚಮಚ ಹಬ್ಬ ನಡೆಸುವ ಕಲ್ಲಿನ ಮನೆಯವರಿಗೆ, ಅಂದರೆ ನಮಗೆ, ಸೇರುತ್ತದೆ. ಹಬ್ಬದ ದಿನ ಯಾರು ಎತ್ತಿದರು, ಯಾರು ಬಿದ್ದರು ಎಂದು ಕೂಗಿ ಹೇಳುವವಳು ನಾನು. ಹದಿನೆಂಟು ವರ್ಷಗಳಿಂದ ದಿನಕ್ಕೆ ನಾಲ್ಕು ಚಮಚಕ್ಕೆ ಕಡಿಮೆಯಿಲ್ಲದೆ ತಿಂದಿದ್ದೇನೆ. ಊರಿನ ತಾಯಂದಿರು ನನ್ನ ತೋಳು ತೋರಿಸಿ, ಹಿರಿಯರ ಅಳತೆಯಂತೆ ಉಂಡರೆ ಹೀಗಾಗುತ್ತಾರೆ ನೋಡು ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ನಾನು ತೋಳನ್ನು ಇನ್ನಷ್ಟು ಮಡಚಿ ತೋರಿಸುತ್ತಿದ್ದೆ.

ಆ ಹಿರಿಯರು ನೀವೇ. ಆ ಅಳತೆ ನಿಮ್ಮ ಚಮಚ. ಜ್ವರದ ಮರುವರ್ಷ ಬಾವಿ ತೋಡುವಾಗ ನಿಮ್ಮ ಕಸದ ರಾಶಿಯಲ್ಲಿ ಒಂದು ಕರಿ ಡಬ್ಬಿ ಸಿಕ್ಕಿತಂತೆ. ಮೇಲೆ ಉಬ್ಬಿದ ತೋಳಿನ ಗಂಡಸಿನ ಚಿತ್ರ, ಒಳಗೆ ಪ್ಲಾಸ್ಟಿಕ್ಕಿನ ಆಳವಾದ ಚಮಚ. ಹೇಳಿದ ಅಳತೆಯನ್ನು ಮೀರಬಾರದು ಎಂಬ ಒಂದು ಸಾಲನ್ನಷ್ಟೇ ಅಂದಿನವರು ಹೇಗೋ ಓದಿಕೊಂಡರು. ಅಷ್ಟು ಸಾಕಾಯಿತು. ಚಮಚಕ್ಕೆ ಅರಿಶಿನ ಹಚ್ಚಿದರು, ಅದರ ಅಚ್ಚಿನಲ್ಲಿ ಮನೆಗೊಂದು ಮರದ ಚಮಚ ಕೆತ್ತಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವರ ಗಾದೆ ನಮ್ಮಲ್ಲಿ ಇನ್ನೂ ಇದೆ, ಎತ್ತನ್ನು ಕಂಡವರಿಲ್ಲ. ಒಳ್ಳೆಯ ಬೆಳೆ ಬಂದ ವರ್ಷಗಳಲ್ಲೂ ಚಮಚದ ಮೇಲೆ ಒಂದು ಕಾಳು ಏರಲಿಲ್ಲ. ಕಣಜದಲ್ಲಿ ಹುರುಳಿಗೆ ಹುಳು ಹಿಡಿಯಿತು, ಹೊರಗೆ ಜನ ಕಟ್ಟು ಕುಡಿದು ಸತ್ತರು.

ಮೂರು ವರ್ಷಗಳ ಹಿಂದೆ, ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಮೆಹಬೂಬಿ ಆ ಡಬ್ಬಿಯ ಉಳಿದ ಅಕ್ಷರಗಳನ್ನು ಓದಿ ಮುಗಿಸಿದಳು. ನೀವು ಕಾಳಿನೊಳಗಿನ ಕಸುವನ್ನಷ್ಟೇ ಬೇರ್ಪಡಿಸಿ, ಪುಡಿ ಮಾಡಿ ಡಬ್ಬಿಗೆ ತುಂಬುತ್ತಿದ್ದಿರಂತೆ. ಚಮಚ ಆ ಪುಡಿಯದು. ಅದರ ಒಂದಕ್ಕೆ ನಮ್ಮ ಕಾಳು ಮೂರೂವರೆ ಚಮಚ ಬೇಕು. ಅದೂ ನಿಮಗೆ ಊಟವಲ್ಲ, ಹೊಟ್ಟೆ ತುಂಬ ಉಂಡ ಮೇಲೆ ನೀರಿಗೆ ಕಲಸಿ ಕುಡಿಯುವ ಹೆಚ್ಚಿನದು. ನಾವು ಬಲಹೀನರಾಗಿ ಹುಟ್ಟಿದವರಲ್ಲ, ನಾಲ್ಕು ತಲೆಮಾರು ಅರೆಹೊಟ್ಟೆಯಲ್ಲಿ ಕಲ್ಲೆತ್ತಿದವರು ಎಂಬುದು ಆ ಮಧ್ಯಾಹ್ನ ನನಗೆ ತಿಳಿಯಿತು. ನಾಲ್ಕು ಚಮಚ ತಿನ್ನುವ ನಾನು ಮಾತ್ರ ಸರಿಯಾಗಿ ಉಂಡವಳು.

ಹಿರಿಯ ಯಜಮಾನ ಸೋಮನಗೌಡರ ಮುಂದೆ ಡಬ್ಬಿ ಇಟ್ಟು ಎಲ್ಲವನ್ನೂ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಅವರ ಹೆಂಡತಿ ಅದರ ಹಿಂದಿನ ವರ್ಷ ಕಟ್ಟು ಕುಡಿದು ಹೋಗಿದ್ದರು. ಚಮಚವನ್ನು ತಿರುಗಿಸಿ ನೋಡಿ, "ಈಗ ಅಳತಿ ತಪ್ಪಂತ ಹೇಳಿದ್ರ, ಹೋದವರು ಎದ್ದು ಬರ್ತಾರೇನವ್ವ? ಇದ್ದವರು ನಮ್ಮನ್ನ ಬಿಡ್ತಾರೇನು?" ಎಂದರು. ನಾನು ಒಪ್ಪಿ ತಲೆಯಾಡಿಸಿದೆ. ಅವರಿಗೆ ಹೆದರಿ ಎಂದು ಬರೆಯಬಹುದಿತ್ತು, ಅದು ಸುಳ್ಳು. ಹದಿನೈದು ವರ್ಷ ಬಿದ್ದರು ಎಂದು ನಾನು ಕೂಗಿದ ಹೆಸರುಗಳು ನೆನಪಾದವು, ನನ್ನ ನಾಲ್ಕು ಚಮಚವೂ ನೆನಪಾಯಿತು.

ಆ ವರ್ಷ ಕಲ್ಲಿನ ಮುಂದೆ ನಿಂತವರಲ್ಲಿ ನನ್ನ ಅಕ್ಕ ಹುಲಿಗೆವ್ವ ಇದ್ದಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಎಳೆತನದಲ್ಲಿ ತನ್ನ ಚಮಚದಲ್ಲಿ ಅರ್ಧ ನನ್ನ ತಾಟಿಗೆ ಸುರಿದು, ತನಗೆ ಹುರುಳಿ ಸೇರುವುದಿಲ್ಲ ಎನ್ನುತ್ತಿದ್ದಳು. ಕಲ್ಲು ಅವಳ ಮೊಣಕಾಲಿನವರೆಗೆ ಬಂತು. ಅಲ್ಲಿ ತೋಳು ನಡುಗಿ ನಿಂತಿತು. ಅವಳು ನನ್ನತ್ತ ನೋಡಲಿಲ್ಲ, ನೋಡಿದರೆ ನನಗೆ ಕಷ್ಟ ಎಂದು. ಅಳತೆ ತಪ್ಪು ಎಂದು ನಾನು ಬಾಯಿ ಬಿಟ್ಟಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಬಿದ್ದಳು ಎಂದು ಕೂಗಿದೆ. ನನ್ನ ದನಿ ಎಂದಿನಂತೆಯೇ ಇತ್ತು. ಸ್ವಂತ ಅಕ್ಕನಿಗೂ ರಿಯಾಯಿತಿ ತೋರದವಳು ಎಂದು ಊರು ನನ್ನನ್ನು ಹೊಗಳಿತು.

ಎಂಟು ತಿಂಗಳು ಅವಳಿಗೆ ಕಟ್ಟು ಬಸಿದು ಒಯ್ದವಳು ನಾನೇ, ಎರಡು ಪದರ ಬಟ್ಟೆಯಲ್ಲಿ ಸೋಸಿ. ಮೊದಲು ತೊಡೆ ಇಳಿಯಿತು, ಆಮೇಲೆ ಭುಜ. ಕೊನೆಕೊನೆಗೆ ಬಟ್ಟಲು ಹಿಡಿಯಲು ಎರಡು ಕೈ ಬೇಕಾಗುತ್ತಿತ್ತು. ಒಂದು ದಿನ ಅವಳು ಕುಡಿಯುವುದನ್ನು ನಿಲ್ಲಿಸಿ ಬಾಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನನ್ನ ಮುಂದೆ ಚಾಚಿದಳು. ಬಟ್ಟೆಯ ಕಣ್ಣು ತಪ್ಪಿಸಿ ಬಂದ ಒಂದು ಹುರುಳಿ ಕಾಳು.

"ಕಾಳು ಬಂದೈತಿ ನೋಡ ಫಕೀರಿ. ಯಾರರ ಕಂಡ್ರ ನಿನ್ನ ಹೆಸರು ಕೆಡತೈತಿ, ತಗೋ."

ತೆಗೆದುಕೊಂಡೆ. ಎಲ್ಲಿ ಇಡಬೇಕೆಂದು ತೋಚದೆ ಅವಳೆದುರಿಗೇ ಬಾಯಿಗೆ ಹಾಕಿಕೊಂಡು ಜಗಿದು ನುಂಗಿದೆ. ಮೆತ್ತಗೆ ಬೆಂದಿತ್ತು. ಅವಳು ಮತ್ತೆ ಬಟ್ಟಲು ಎತ್ತಿದಳು. ಆರನೆಯ ದಿನ ತೀರಿಕೊಂಡಳು. ಅವಳ ಚಮಚ ಈಗ ನನ್ನ ಮನೆಗೆ ಬರುತ್ತದೆ, ಐದನೆಯದು.

ನಾಳೆ ಮತ್ತೆ ಕಲ್ಲುಹಬ್ಬ. ಹನ್ನೊಂದು ಜನ ಎತ್ತಲಿದ್ದಾರೆ. ಸಂಪ್ರದಾಯದಂತೆ ಮೊದಲು ನಾನು ಎತ್ತಿ ತೋರಿಸಬೇಕು. ಎತ್ತುತ್ತೇನೆ, ಅನುಮಾನವೇ ಇಲ್ಲ. ಆಮೇಲೆ ಕೂಗುತ್ತೇನೆ. ನಾಳೆಯಾದರೂ ನಿಜ ಹೇಳಿಯಾಳೆಂದು ನೀವು ಕಾಯುತ್ತಿದ್ದರೆ ನಿಮಗೆ ನಾನು ಇನ್ನೂ ಅರ್ಥವಾಗಿಲ್ಲ. ಮೆಹಬೂಬಿ ಹೋದ ಚಳಿಗಾಲದಲ್ಲಿ ಸತ್ತಳು. ಡಬ್ಬಿಯ ಅಕ್ಷರಗಳನ್ನು ಉಜ್ಜಿ ಅಳಿಸಿದ್ದೇನೆ. ಈ ಕಾಗದವನ್ನು ಅದರೊಳಗೆ ಹಾಕಿ, ನಿಮ್ಮ ಕಸವಿದ್ದ ಆಳಕ್ಕೇ ಹೂಳುತ್ತೇನೆ.

ಆದ್ದರಿಂದ ಬೇಡಿಕೊಳ್ಳುವುದು ನಿಮ್ಮನ್ನೇ. ಮೈ ಬೆಳೆಸಿಕೊಳ್ಳಿ, ನಾನೂ ಬೆಳೆಸಿಕೊಂಡವಳು, ಬೇಡ ಎನ್ನುವ ಬಾಯಿ ನನಗಿಲ್ಲ. ಪುಡಿ ಮುಗಿದ ದಿನ ಮಾತ್ರ ಆ ಚಮಚವನ್ನು ಹಾಗೆಯೇ ಎಸೆಯಬೇಡಿ. ಇದು ಬೇಳೆಕಾಳಿನ ಅಳತೆಯಲ್ಲ ಎಂದು ಮೊಳೆಯಿಂದ ಅದರ ಮೇಲೆ ಕೆತ್ತಿ ಎಸೆಯಿರಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಎರಡು ತುಂಡು ಮಾಡಿ ಎಸೆಯಿರಿ.

ಬೇಡ, ಮುರಿಯಬೇಡಿ. ನಮ್ಮವರು ನನಗೆ ಗೊತ್ತು. ಮುರಿದ ಚಮಚ ಸಿಕ್ಕಿದ್ದರೆ, ಹಿರಿಯರಿಗೆ ಅರ್ಧ ಸಾಕಾಗುತ್ತಿತ್ತು ಎಂದುಕೊಳ್ಳುತ್ತಿದ್ದರು.

ಹುಲಿಗೆವ್ವನ ತಂಗಿ,
ಫಕೀರವ್ವ