ಹನ್ನೆರಡನೆಯ ಕರೆ

ಗದಗ, ಫೆಬ್ರವರಿ ೩೦, ೨೧೭೧

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ಕಾಲ್ಸಾಕ್ಷಿ ಸಾವಂತ್ರೆವ್ವನ ನಮಸ್ಕಾರ.

ದಿನಾಂಕ ನೋಡಿ ನಗಬೇಡಿ. ಸುಳ್ಳು ಪತ್ರ ಬರೆಯುವ ಯಂತ್ರಗಳು ಕ್ಯಾಲೆಂಡರ್ ತಪ್ಪುವುದಿಲ್ಲವೆಂದು ನಂಬಿ, ನಿಜವಾದ ಮನುಷ್ಯರು ಕ್ಯಾಲೆಂಡರಿನಲ್ಲೇ ಇಲ್ಲದ ದಿನಾಂಕವನ್ನು ಬರೆಯಬೇಕೆಂದು ನಮ್ಮ ಅಜ್ಜಿಯರು ಉಪಾಯ ಮಾಡಿದ್ದರು. ಈಗ ಯಂತ್ರಗಳು ಅದನ್ನೂ ಕಲಿತಿವೆ, ನಮಗೆ ಅಭ್ಯಾಸ ಮಾತ್ರ ಉಳಿದಿದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅವೆಲ್ಲ ಭಯದಲ್ಲಿ ಹುಟ್ಟಿದವು.

ಪರದೆಗೆ ನಾವು ಹಲಗೆ ಎನ್ನುತ್ತೇವೆ. ಎಲ್ಲ ಮನೆಯ ಗೋಡೆಯಲ್ಲೂ ಒಂದಿದೆ, ನಾವು ಎಲ್ಲಿದ್ದರೂ ಅಲ್ಲಿಗೇ ಕರೆ ತರುತ್ತದೆ. ಅದರಲ್ಲಿ ಯಾರ ಮುಖ, ಯಾರ ದನಿ ಬೇಕಾದರೂ ಬರುತ್ತದೆ, ಆದ್ದರಿಂದ ಯಾರೂ ಅದನ್ನು ನಂಬುವುದಿಲ್ಲ. ಮದುವೆ ಗೊತ್ತಾದರೆ, ಯಾರಾದರೂ ತೀರಿಕೊಂಡರೆ, ಸುದ್ದಿ ನಿಜವೋ ಎಂದು ನಡೆದು ಹೋಗಿ ಕಣ್ಣಾರೆ ಕಂಡು ಬರುವವರು ಬೇಕು. ಅವರೇ ಕಾಲ್ಸಾಕ್ಷಿಗಳು. "ಮಗಗ ಜ್ವರಾ ಬಿಟ್ಟಾವಂತ, ಖರೇನ ನೋಡಿ ಬಾರವಾ" ಎಂದು ಹೆತ್ತ ತಾಯಂದಿರು ನನ್ನನ್ನು ಪಕ್ಕದೂರಿಗೆ ಕಳಿಸುತ್ತಾರೆ. ನನ್ನ ಹಿಮ್ಮಡಿ ಒಡೆದದ್ದು ಹೀಗೆ.

ನನ್ನ ಅಪ್ಪ ಬಸಲಿಂಗಪ್ಪ ಶಾಲೆಯ ಮಾಸ್ತರರಾಗಿದ್ದರು. ಒಂದು ದಿನ ಹಲಗೆಯಲ್ಲಿ ಗುರುವಂದನೆಯ ಆಮಂತ್ರಣ ಬಂತು. ಒತ್ತಿದರು. ಹಳೆಯ ಶಿಷ್ಯರೆಲ್ಲ ಸಾಲಾಗಿ ನಿಂತು ಕೈಮುಗಿದರು. ಮುಂದೆ ನಿಂತ ಶೇಖರಪ್ಪ ಸರಾಗವಾಗಿ ಭಾಷಣ ಮಾಡಿದ. ನಿಜವಾದ ಶೇಖರಪ್ಪ ಹುಟ್ಟಾ ತೊದಲುವವನು. ಇದು ಮೋಸದ ಪುಟವೆಂದು ಅಪ್ಪನಿಗೆ ಆಗಲೇ ತಿಳಿಯಿತು. ಗೋಡೆಯ ಗುಂಡಿ ಒತ್ತಿ ಹಲಗೆಯನ್ನೇ ಆರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೇಳದೆ ಕೇಳದೆ ಎದ್ದು ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ನೀವು ಯಾರೋ ಏನೋ, ಛಲೋ ಆಗಲಿ. ನಾ ಇನ್ನ ಹೋಗಿ ಬರ್ತೀನ್ರಪಾ" ಎಂದು ಹರಸಿ, ಆ ಪುಟದ ಮೇಲೇ ಇದ್ದ 'ಹೊರಗೆ' ಎಂಬ ಕೆಂಪು ಗುರುತನ್ನು ಒತ್ತಿದರು. ಆ ಬಾಗಿಲೂ ಕಳ್ಳರದೇ. ಒತ್ತಿದ ಬೆರಳಿನ ಗುರುತು, ಹರಸಿದ ದನಿ, ಎರಡೂ ಅವರ ಪಾಲಾದವು.

ನಾಚಿಕೆಯಿಂದ ಅಪ್ಪ ಒಂದು ವಾರ ಯಾರಿಗೂ ಹೇಳಲಿಲ್ಲ. ಕಳ್ಳರಿಗೆ ಆ ವಾರ ಸಾಕಾಯಿತು. ಅಪ್ಪನ ದನಿ ಶಿಷ್ಯರ ಮನೆಮನೆಗೆ ಹೋಗಿ ಸಹಾಯ ಬೇಡಿತು. ಗುರುವಿನ ಮಾತು ಮೀರದ ಶೇಖರಪ್ಪ ಇದ್ದ ಮನೆಯನ್ನೇ ಕಳೆದುಕೊಂಡ. ಊರ ಪಂಚರು ಅಪ್ಪನನ್ನು ಮೌನಪಟ್ಟಿಗೆ ಸೇರಿಸಿದರು. ಆ ಪಟ್ಟಿಯವರ ದನಿ ಹಲಗೆಯಲ್ಲಿ ಕೇಳಿದರೆ ಯಾರೂ ಉತ್ತರಿಸುವಂತಿಲ್ಲ. ಅಪ್ಪನೇ ನನ್ನನ್ನು ಕೂರಿಸಿ ಪಾಠ ಮಾಡಿದರು: "ನನ್ನ ದನಿ ಕೇಳಿದ್ರ ಹೂಂ ಅನಬ್ಯಾಡ, ಉಹೂಂ ಅನಬ್ಯಾಡ. ಅದರಾಗ ಏನೂ ಒತ್ತಬ್ಯಾಡ. ಹಲಗಿನ ಆರಿಸಿಬಿಡು. ಆಮ್ಯಾಲೆ ಬಂದು ನನ್ನ ಮಾರಿ ನೋಡು." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಚುಚ್ಚಿದೆ. ಪಾಪ, ನಕ್ಕರು.

ಆಮೇಲೆ ಆ ದನಿ ಹನ್ನೊಂದು ಸಲ ನನ್ನನ್ನು ಕರೆಯಿತು. ಎದೆನೋವು, ಬಾ ಎಂದಿತು. ಹನ್ನೊಂದು ಸಲವೂ ಹಲಗೆ ಆರಿಸಿ, ಎದ್ದುಬಿದ್ದು ಓಡಿ ಬಂದೆ. ಪ್ರತಿ ಸಲವೂ ಅಪ್ಪ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

ಹನ್ನೆರಡನೆಯ ಕರೆ ಬಂದಾಗ ನಾನು ಲಕ್ಕುಂಡಿಯಲ್ಲಿದ್ದೆ, ಹೊತ್ತು ನೆತ್ತಿಗೇರಿತ್ತು. "ಸಾವಂತ್ರಿ, ಎದಿ ಹಿಡಕೊಂಡೈತಿ, ಲಗೂನ ಬಾರವಾ." ಅದೇ ಮಾತು. ಆರಿಸಿದೆ. ಈ ಸಲ ಓಡಲಿಲ್ಲ. ಇನ್ನೆರಡು ಮನೆಗಳ ಕೆಲಸವಿತ್ತು, ಮುಗಿಸಿದೆ. ಒಂದು ಮನೆಯಲ್ಲಿ ಚಹಾ ಕೊಟ್ಟರು, ಕುಡಿದೆ. ಆ ಚಹಾ ಕುಡಿದದ್ದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ. ಸಂಜೆ ಬಂದು ನೋಡಿದರೆ ಕಟ್ಟೆ ಖಾಲಿಯಿತ್ತು. ಅಪ್ಪ ವೈದ್ಯರನ್ನೂ ಕರೆದಿದ್ದರಂತೆ. ಅವರೂ ನಿಯಮದಂತೆ ಹಲಗೆ ಆರಿಸಿದ್ದರು.

ನಿಮ್ಮ ಕಾಲದಲ್ಲಿ ಪ್ರೀತಿಯವರ ದನಿಯನ್ನು ಇನ್ನೂ ನಂಬಬಹುದಂತೆ. ಅದನ್ನು ಕಾಪಾಡಿಕೊಳ್ಳಿ, ಕಾಲಿಗೆ ಬೀಳುತ್ತೇನೆ. ಸಂಶಯ ಬಂದ ಪುಟಕ್ಕೆ ಮರ್ಯಾದೆ ತೋರಬೇಡಿ. ಅದು ತೋರಿಸುವ ಬಾಗಿಲನ್ನು ಮುಟ್ಟದೆ ನಿಮ್ಮ ಕೈಯಾರೆ ಪೂರ್ತಿ ಮುಚ್ಚಿಬಿಡಿ. ಗೆಳೆಯನ ಹೆಸರಲ್ಲಿ ಬೇಡಿಕೆ ಬಂದರೆ, ನಿಮಗೆ ಮೊದಲೇ ಗೊತ್ತಿದ್ದ ನಂಬರಿಗೆ ನೀವೇ ಕರೆ ಮಾಡಿ, ಆಗದಿದ್ದರೆ ಮನೆಗೇ ಹೋಗಿ. ಮೋಸ ಹೋದವರನ್ನು ಬೈದು ಬಾಯಿ ಮುಚ್ಚಿಸಬೇಡಿ. ಅವರು ಅಂದೇ ಹೇಳಿದರೆ ಹತ್ತು ಮನೆ ಉಳಿಯುತ್ತವೆ.

ಅಪ್ಪನ ತಲೆಯನ್ನು ಕೊನೆಗೆ ತೊಡೆಯ ಮೇಲಿಟ್ಟುಕೊಂಡವರು ಪಕ್ಕದ ಮನೆಯ ಮುದುಕಿ ಹುಸೇನಬಿ. ನಾನು ಆರಿಸಿದಾಗ ಅಪ್ಪ ಬೇಸರ ಮಾಡಿಕೊಳ್ಳಲಿಲ್ಲವೆಂದು ಆಕೆ ಹೇಳಿದರು. "ಆರಿಸಿದ್ಲು ನೋಡ ಹುಸೇನಬಿ, ಶಾಣೇ ಆಗ್ಯಾಳ ನನ್ನ ಮಗಳು" ಎಂದರಂತೆ. ಆಮೇಲೆ ಕಪ್ಪಾಗಿದ್ದ ಹಲಗೆಯ ಕಡೆ ತಿರುಗಿ, "ಹೋಗಿ ಬರ್ತೀನವಾ" ಅಂದರಂತೆ.

ನಾನು ನಿಜವೋ ಎಂದು ನಡೆದು ಬಂದು ನೋಡಲು ನಿಮಗಾಗದು. ಉತ್ತರ ಬರೆಯಬೇಡಿ.

ಸಾವಂತ್ರೆವ್ವ