ಕಲ್ಯಾಣಿಗೆ ಹಾಕಿದ ಸಿಮೆಂಟು

ಸೆಪ್ಟೆಂಬರ್ 9, ಸಂಜೆ

ಹಾರನಹಳ್ಳಿ ಬಸ್ ತಪ್ಪಿತು. ಟೆಂಪೊದಲ್ಲಿ ಹೋದೆ. ಕಾಲ ಹತ್ತಿರ ಯಾರದೋ ಕೋಳಿ. ಅರಸೀಕೆರೆಯಿಂದ ಆ ಊರು ತಲುಪುವವರೆಗೆ ಏನು ಯೋಚಿಸಿದೆ ಅಂತ ಯಾರಾದರೂ ಕೇಳಿದರೆ ಹೇಳಲಾರೆ. ಏನೂ ಇಲ್ಲ. ಈಗೀಗ ಹೀಗೇ.

ಬಿಸಿಯೂಟ ಮುಗಿಯುತ್ತಲೇ ದೊಡ್ಡ ಹೆಣ್ಣುಮಕ್ಕಳೆಲ್ಲ ಬ್ಯಾಗ್ ಎತ್ತಿಕೊಂಡು ಮನೆಗೆ ಹೊರಟರು. ಶಾಲೆಯ ಟಾಯ್ಲೆಟ್‌ಗೆ ಬೀಗ. ನೀರಿಲ್ಲ. ಪಕ್ಕದ ಹಳೇ ಕಲ್ಯಾಣಿಯ ಹೂಳು ತೆಗೆಸಿ, ಅಲ್ಲಿಂದ ಶಾಲೆಯ ಟ್ಯಾಂಕ್ ತುಂಬಿಸುವುದು ನಮ್ಮ ಟ್ರಸ್ಟ್‌ನ ಪ್ಲಾನ್. ಪೈಪ್ ಇದೆ. ಮೋಟರ್ ಇದೆ. ಕಲ್ಯಾಣಿಯೂ ಹೊಸ ಸಿಮೆಂಟಿನಲ್ಲಿ ಮಿರಮಿರ ಅನ್ನುತ್ತಿದೆ. ನೀರು ಮಾತ್ರ ಬಂದಿಲ್ಲ.

ಏಳನೇ ಕ್ಲಾಸಿನ ಮಂಜುಶ್ರೀ, "ನಾಳೆ ಬತ್ತೀನಿ ಮಿಸ್" ಅಂದಳು. ಹೂಂ ಅಂದೆ. ಮಧ್ಯಾಹ್ನದ ಮೇಲೆ ಅವಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ಬೋರ್ಡ್ ಒರೆಸಿ ಬಂದೆ.

ಸೆಪ್ಟೆಂಬರ್ 11

ಊರಿನ ಕೆರೆ ಸಮಿತಿಯ ಅಧ್ಯಕ್ಷ ಧರ್ಮಪ್ಪನವರನ್ನು ಕಲ್ಯಾಣಿಯ ಹತ್ತಿರ ಕರೆದುಕೊಂಡು ಹೋದೆ. ತಳದಲ್ಲಿ ಮೇಲಿಂದ ಬಿದ್ದ ಮಳೆ ನೀರು, ಅಂಗಾಲು ಮುಳುಗುವಷ್ಟು. ಹಸಿರುಗಟ್ಟಿದೆ.

"ಮಳೆ ಸಾಲ್ದೇನೋ ಕಣವ್ವ" ಅಂದರು.

ಅವರ ತೋಟದ ಬಾವಿ ತುಂಬಿದೆ. ಬಗ್ಗಿದರೆ ಮುಖ ತೊಳೆಯಬಹುದು. ಅದನ್ನೇ ಹೇಳಿದೆ. ಟವೆಲ್ ತೆಗೆದು ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ಆಮೇಲೆ ರಾಗಿ ಪೈರಿನ ಬಗ್ಗೆ ಮಾತಾಡಿದರು, ಬಸ್ ಬರುವವರೆಗೂ.

ಸೆಪ್ಟೆಂಬರ್ 14

ಬಿಸಿಯೂಟ ಮಾಡುವ ಕೆಂಪಲಕ್ಷ್ಮಮ್ಮ ಬಾಯಿ ಬಿಟ್ಟಳು. ಪಾತ್ರೆ ತೊಳೆಯಲು ಬೀದಿ ಕೊಳಾಯಿಯಿಂದ ಹೊತ್ತು ಹೊತ್ತು ಸುಸ್ತಾಗಿದ್ದಳು, ಅದಕ್ಕೇ ಇರಬೇಕು.

"ಜಲ ಬರೋ ಸಂದಿಗೆಲ್ಲ ಸಿಮೆಂಟ್ ಮೆತ್ತವ್ರೆ. ತಳಕ್ಕೂ ಹಾಕವ್ರೆ. ನೀರು ಎಲ್ಲಿಂದ ಬತ್ತದೆ ಮಿಸ್?"

"ಗೊತ್ತಿದ್ದರೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳನ? ನಿಮ್ಮತ್ತೆ ಮಗನ್ನ ಕಳ್ಕಂಡು ಮೆಟ್ಲು ಮ್ಯಾಲೆ ಕುಂತವ್ರೆ. ಇನ್ನೊಬ್ರ ಮಗ ಇದ್ರೊಳಗೆ ಹೂತೋಗ್ಬಾರ್ದು, ಗಟ್ಟಿಯಾಗಿ ಹಾಕ್ರಪ್ಪ ಅಂತ ಕೈ ಮುಗೀತಾವ್ರೆ. ಅಂಥೋರ ಮುಂದೆ ನಿಂತು, ಬ್ಯಾಡಿ ಕಣಮ್ಮ ಅನ್ನಕ್ಕಾಯ್ತದಾ?"

ಧರ್ಮಪ್ಪನವರಿಗೆ ಗೊತ್ತಿತ್ತಂತೆ. ಗಾರೆ ಕೆಲಸದವನಿಗೂ ಗೊತ್ತಿತ್ತಂತೆ. ಇಡೀ ಊರು ಮರ್ಯಾದೆಯಿಂದ ಸುಮ್ಮನೆ ನಿಂತು ಕಾಂಕ್ರೀಟ್ ಹಾಕಿಸಿದೆ. ಅತ್ತೆಗೆ ಮಜ್ಜಿಗೆ ಬೇರೆ ತಂದುಕೊಟ್ಟಿದ್ದಾರೆ.

ನಾನೂ ಅಲ್ಲೇ ಇದ್ದೆನಂತೆ. ಲಾರಿ ಬಂದದ್ದು ನೆನಪಿದೆ. ನಾನೇನು ಮಾಡುತ್ತಿದ್ದೆ, ಅದು ನೆನಪಿಲ್ಲ. ಮೋಹನ್ ಹೋಗಿ ತಿಂಗಳಾಗಿತ್ತಷ್ಟೆ. ಮಾರ್ಚ್‌ನಲ್ಲಿ ಹೂಳು ತೆಗೆಯುವಾಗ ಮೆಟ್ಟಿಲ ಕಲ್ಲು ಜಾರಿತು. ಅವನು ಕೆಳಗಿದ್ದ. ನನ್ನ ಗಂಡ, ಈ ಟ್ರಸ್ಟ್‌ನ ಕೆಲಸವನ್ನೆಲ್ಲ ತಲೆ ಮೇಲೆ ಹೊತ್ತುಕೊಂಡಿದ್ದವನು... ಇಷ್ಟು ಸಾಕು.

ಸೆಪ್ಟೆಂಬರ್ 20, ಆಫೀಸಿನಲ್ಲಿ

ಬೆಂಗಳೂರಿನಿಂದ ದಾನಿಗಳು ಬಂದಿದ್ದರು. ಬೇಲೂರು, ಹಳೇಬೀಡು ನೋಡಿಕೊಂಡು, ವಾಪಸ್ ಹೋಗುವಾಗ ನಮ್ಮ ಕಲ್ಯಾಣಿ. ಒಬ್ಬರು ಸ್ವಿಮ್ಮಿಂಗ್ ಪೂಲ್ ಥರ ನೀಟಾಗಿದೆ ಅಂದರು. ಫೋಟೊ ತೆಗೆದರು. ನಾನೂ ನಕ್ಕು ನಿಂತೆ. ನಗುವುದು ಇನ್ನೂ ಬರುತ್ತದೆ, ಅದಕ್ಕೆ ಮುಖ ಒಂದಿದ್ದರೆ ಆಯಿತು.

ಅವರು ಹೋದ ಮೇಲೆ ಉಮೇಶ್ ಸರ್ ಬಾಗಿಲು ಮುಂದೆ ಮಾಡಿದರು. ಟ್ರಸ್ಟ್ ನಡೆಸುವವರು ಅವರೇ.

"ಒಡೆಸೋದು ದೊಡ್ಡದಲ್ಲ ನಯನಾ. ಎರಡು ದಿನದ ಕೆಲಸ. ನಿಮ್ಮತ್ತೆ ಅನುಸೂಯಮ್ಮೋರಿಗೆ ಹೇಳೋದು ಹೆಂಗೆ? ಅವರ ಪಾಲಿಗೆ ಅದು ಮಗನ ಸಮಾಧಿ ಇದ್ದಂಗೆ."

"ನೀವೇ ಹೇಳಿ ಸರ್."

"ನೀವು ಮನೆಯವರು. ನೀವು ಹೇಳಿದ್ರೇನೆ ಸರಿ."

ಮನೆಯವಳು ನಿಜ. ಒಂದೇ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಅವನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಸೆಪ್ಟೆಂಬರ್ 24

ಹೇಳಲೇಬೇಕು ಅಂತ ಅಡುಗೆಮನೆಗೆ ಹೋದೆ. ಅತ್ತೆ ಕಾಯಿ ತುರಿಯುತ್ತಿದ್ದರು. ಹುಳಿಗೆ ಉಪ್ಪು ಸಾಕಾ ನೋಡು ಅಂದರು. ನೋಡಿದೆ. ಸಾಕು ಅಂದೆ. ವಾಪಸ್ ಬಂದೆ.

ಸೆಪ್ಟೆಂಬರ್ 30

ಮಂಜುಶ್ರೀ ಈಗ ಬೆಳಿಗ್ಗೆಯೂ ಬರುತ್ತಿಲ್ಲ. ಮನೆಗೆ ಹೋದೆ. ಅವಳ ತಾಯಿ ಬೋರಮ್ಮ ಒಳಗೆ ಕರೆದು ಚಾಪೆ ಹಾಸಿದಳು.

"ದೊಡ್ಡೋಳಾಗವ್ಳೆ ಮಿಸ್. ನೀರಿಲ್ದ ಕಡೆ ಹೆಂಗೆ ಕಳ್ಸನ? ಅರ್ಧ ದಿನದ ಇಸ್ಕೂಲ್ಗೆ ಅಷ್ಟ್ ದೂರ ನಡ್ಯದ್ಯಾಕೆ, ಮನೇಲೇ ಇರ್ಲಿ ಅಂದೆ. ನೀರು ಬರ್ಲಿ, ಕಳುಸ್ತೀನಿ."

ಮಂಜುಶ್ರೀ ಒಲೆಯ ಹತ್ತಿರ ಬೆನ್ನು ಮಾಡಿ ಕೂತಿದ್ದಳು. ತಿರುಗಲಿಲ್ಲ. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಟೀ ಚೆನ್ನಾಗಿದೆ ಅಂದೆ.

ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ

ಎಡೆ ಇಟ್ಟೆವು. ಮಾವನಿಗೆ ಒಂದು ಎಲೆ, ಅವನಿಗೆ ಒಂದು. ಅವನ ಎಲೆಗೆ ವಡೆ ಜಾಸ್ತಿ. ಹಿರಿಯರು ಬಂದು ಉಂಡು ಹೋಗಲಿ ಅಂತ ಬಾಗಿಲು ಹಾಕಿಕೊಂಡು ನಾವಿಬ್ಬರೂ ಜಗಲಿ ಮೇಲೆ ಕೂತೆವು. ಮಾತಾಡಬಾರದು ಅಂತಾರೆ. ಆದರೆ ಇನ್ನು ತಡೆದರೆ ನಾನು ಯಾವತ್ತೂ ಹೇಳುವುದಿಲ್ಲ ಅನಿಸಿತು.

"ಅತ್ತೆ, ಕಲ್ಯಾಣಿಗೆ ನೀರು ಬರ್ತಿಲ್ಲ. ಸಿಮೆಂಟ್ ಒಡೆಸ್ಬೇಕು."

ರಸ್ತೆ ನೋಡುತ್ತಲೇ ಅಂದರು.

"ಗೊತ್ತು ಕಣೇ. ನಮ್ಮ ತೌರೂರಲ್ಲೂ ಕಲ್ಯಾಣಿ ಇತ್ತು. ಸಂದಿ ಮುಚ್ಚಿದ್ರೆ ನೀರು ಬರಲ್ಲ ಅನ್ನೋದು ನಂಗೆ ಗೊತ್ತಿಲ್ವಾ?"

"ಮತ್ತೆ ಯಾಕೆ..."

"ಬರಬಾರ್ದು ಅಂತಲೇ ಹಾಕ್ಸಿದ್ದು."

ಸಿಟ್ಟು ಬಂತು. ಇಷ್ಟು ತಿಂಗಳಲ್ಲಿ ನನಗೆ ಏನಾದರೂ ಬಂದದ್ದು ಇದೇ ಮೊದಲು. ಕಿವಿಯವರೆಗೂ ಬಿಸಿ ಏರಿತು. ಹೆಣ್ಣುಮಕ್ಕಳು ಸ್ಕೂಲು ಬಿಡುತ್ತಿದ್ದಾರೆ ಅಂದೆ. ಮಂಜುಶ್ರೀ ಅಂತ ಒಬ್ಬಳು ಒಲೆ ಮುಂದೆ ಕೂತಿದ್ದಾಳೆ ಅಂದೆ. ದನಿ ಎತ್ತರಿಸಿದೆ ಅಂತ ಕಾಣುತ್ತದೆ, ಎದುರುಮನೆಯವರು ಇಣುಕಿದರು.

"ಅದರಲ್ಲಿ ನೀರು ತುಂಬ್ಕೊಂಡು, ಜನ ನಗ್ತಾ ತುಂಬ್ಕೊಂಡು ಹೋಗೋದು ನೋಡಕ್ಕಾಗಲ್ಲ ನಂಗೆ" ಅಂದರು ಅತ್ತೆ. ಎದ್ದು ಬಾಗಿಲು ತೆಗೆದರು. ಇಬ್ಬರೂ ಎಡೆಯ ಊಟ ಮಾಡಿದೆವು. ವಡೆ ನನ್ನ ಎಲೆಗೇ ಬಡಿಸಿದರು.

ಅಕ್ಟೋಬರ್ 9

ಕಾಫಿ ಕೊಡುವಾಗ ಅತ್ತೆ ಕೇಳಿದರು.

"ಆ ಹುಡುಗಿ ಹೆಸರೇನಂದೆ?"

"ಮಂಜುಶ್ರೀ."

"ನೀರು ಬಂದ್ರೆ ಬರ್ತಾಳಂತಾ?"

"ಕಳಿಸ್ತೀನಿ ಅಂದಿದಾರೆ ಅವರಮ್ಮ."

ಲೋಟ ತೊಳೆದು ಬೋರಲು ಹಾಕಿದರು. "ಒಡೆಸು. ನಾನೂ ಬರ್ತೀನಿ."

ಅಕ್ಟೋಬರ್ 14, ಸಂಜೆ

ಬೆಳಿಗ್ಗೆ ಸಿಮೆಂಟ್ ಒಡೆಯುವ ಬ್ರೇಕರ್ ತಂದರು. ಅತ್ತೆ ಮೇಲಿನ ಮೆಟ್ಟಿಲಲ್ಲಿ ಕೂತರು. ಧರ್ಮಪ್ಪನವರು ಮಿಷನ್ ಶುರು ಮಾಡಿಸದೆ ಅವರ ಮುಖ ನೋಡುತ್ತಾ ನಿಂತರು. "ಮಾಡ್ರಪ್ಪ, ಬಿಸಿಲೇರುತ್ತೆ" ಅಂದರು ಅತ್ತೆ. ಆ ಸದ್ದಿಗೆ ಒಮ್ಮೆಯೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಊಟದ ಹೊತ್ತಿಗೆ ತಳದ ಒಂದು ಮೂಲೆ ಎದ್ದಿತು. ಕೆಳಗೆ ಮಣ್ಣು ಹಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಒದ್ದೆಯಾಯಿತು. ಆಮೇಲೆ ಕಲ್ಲಿನ ಸಂದಿಯಿಂದ ತಿಳಿನೀರು, ಬೆರಳಗಲ. ಊರಿನವರು ಅತ್ತೆಗೆ ಹೆದರಿ ಖುಷಿಯನ್ನೂ ಪಡಲಿಲ್ಲ.

ಅತ್ತೆ ಕೈ ಚಾಚಿದರು. ಹಿಡಿದು ಇಳಿಸಿದೆ. ಬಗ್ಗಿ ನೀರಿಗೆ ಕೈ ಇಟ್ಟರು.

"ಇಷ್ಟು ತಣ್ಣಗಿರುತ್ತಾ..." ಅಂದರು. ಕೈ ತೆಗೆಯಲಿಲ್ಲ. "ಅವನಿಗೆ ಏನಾಯ್ತು ಅಂತ ಯಾರೂ ಸರಿಯಾಗಿ ಹೇಳ್ಲಿಲ್ಲ ನಯನಾ. ಇಡೀ ಊರೇ ಸುಮ್ಮನಿತ್ತು, ಅವರು ಹೊರಗಿನೋರು. ನೀನು ಅಲ್ಲೇ ಇದ್ದೋಳು. ನೀನೂ ಹೇಳ್ಲಿಲ್ಲ."

ಅವರಿಗೆ ಕೇಳುವ ಶಕ್ತಿ ಇಲ್ಲ ಅಂದುಕೊಂಡಿದ್ದೆ. ಕೇಳಲು ಯಾರಾದರೂ ಸಿಗಲಿ ಅಂತ ನಾನೇ ಕಾಯುತ್ತಿದ್ದೆ ಅನ್ನುವುದು ಅಲ್ಲಿ ಗೊತ್ತಾಯಿತು. ಕೆಸರಿನಲ್ಲೇ ಕೂತೆ. ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ನಿಲ್ಲಿಸಲು ಆಗಲಿಲ್ಲ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸುತ್ತಾ, "ಆಮೇಲೆ? ಆಮೇಲೆ ಹೇಳು" ಅನ್ನುತ್ತಿದ್ದರು.

ಇಲ್ಲೂ ಬರೆದಿಡುತ್ತೇನೆ. ಅವತ್ತು ಬಿಸಿಲಿತ್ತು. ಕೊನೆಯ ಬಾಂಡ್ಲಿ ಹೂಳು. ಮೋಹನ್ ಪ್ಯಾಂಟ್ ಮಡಚಿಕೊಂಡು ತಳಕ್ಕೆ ಇಳಿದ. ತಲೆ ಎತ್ತಿ, "ನೀನು ಮೇಲೇ ಇರು, ಇಲ್ಲಿ ಜಾರುತ್ತೆ" ಅಂದ. ನಾನು ಅವನಿಗೆ ಹೂಂ ಅಂದೆ. ಆಗಲೇ ಮೆಟ್ಟಿಲ ಕಲ್ಲು ಜಾರಿತು.